ನಿಂತಲ್ಲೇ ಉರಿಯುವ ಡೀಸೆಲ್: ಸ್ಯಾನ್ ಪೆಡ್ರೊ ಬಂದರುಗಳ ಶಂಟಿಂಗ್ ಲೋಕೊಗಳನ್ನು ಬದಲಿಸಿದ ಪ್ರಕರಣ

ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಕೊಲ್ಲಿಯಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಹಡಗಿನಿಂದ ಇಳಿದ ಕಂಟೇನರ್‌ಗಳನ್ನು ದೇಶದ ಒಳಭಾಗಕ್ಕೆ ಒಯ್ಯುವುದು ಯೂನಿಯನ್ ಪೆಸಿಫಿಕ್ ಮತ್ತು ಬಿಎನ್‌ಎಸ್‌ಎಫ್ ಎಂಬ ಎರಡು ದೊಡ್ಡ ರೈಲು ಕಂಪನಿಗಳು. ಬಂದರಿನ ಒಳಗಿನ ಶಂಟಿಂಗ್, ಅಂದರೆ ವ್ಯಾಗನ್‌ಗಳನ್ನು ಬಿಡಿಸುವುದು, ಜೋಡಿಸುವುದು, ಟರ್ಮಿನಲ್‌ಗೆ ತಳ್ಳಿ ಮತ್ತೆ ಎಳೆದು ತರುವುದು, ಪೆಸಿಫಿಕ್ ಹಾರ್ಬರ್ ಲೈನ್ ಎಂಬ ಚಿಕ್ಕ ಕಂಪನಿಯ ಪಾಲು. 1929ರಿಂದ ಹಾರ್ಬರ್ ಬೆಲ್ಟ್ ಲೈನ್ ನಡೆಸಿಕೊಂಡು ಬಂದಿದ್ದ ಈ ಕೆಲಸ 1998ರಲ್ಲಿ ಇದರ ಕೈಗೆ ಬಂತು. ಕೆಲಸದ ಜೊತೆಗೆ ಬಂದ ಸಮಸ್ಯೆ ವಯಸ್ಸಾದ ಲೋಕೊಗಳದ್ದು, ಅಂದರೆ ವ್ಯಾಗನ್‌ಗಳನ್ನು ಎಳೆಯುವ ರೈಲು ಎಂಜಿನ್ ಗಾಡಿಗಳದ್ದು.

ಅದೇ 1998ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯು ಡೀಸೆಲ್ ಹೊಗೆಯ ಮಸಿಕಣಗಳನ್ನು ವಿಷಕಾರಿ ಮಾಲಿನ್ಯವೆಂದು ಪಟ್ಟಿಗೆ ಸೇರಿಸಿತ್ತು. ಬಂದರಿಗೆ ತಾಗಿಕೊಂಡೇ ವಿಲ್ಮಿಂಗ್ಟನ್, ಪಶ್ಚಿಮ ಲಾಂಗ್ ಬೀಚ್‌ನಂಥ ಜನವಸತಿಗಳಿವೆ. ದೂರದ ಗಾಡಿಯ ಲೋಕೊ ಒಂದು ಊರನ್ನು ಹಾದು ಹೋಗುತ್ತದೆ. ಶಂಟಿಂಗ್ ಲೋಕೊ ಒಂದೇ ಊರಿನಲ್ಲಿ ಹಗಲೂ ರಾತ್ರಿ ಹೊಗೆ ಬಿಡುತ್ತ ಇರುತ್ತದೆ. ಹೀಗಾಗಿ ಕುದುರೆಶಕ್ತಿಯಲ್ಲಿ ಚಿಕ್ಕದಾದ ಇದೇ ಮೊದಲು ಕಣ್ಣಿಗೆ ಬಿತ್ತು. 2006ರ ಮೊದಲ ಭಾಗದಲ್ಲಿ ಎರಡೂ ಬಂದರುಗಳು ಪೆಸಿಫಿಕ್ ಹಾರ್ಬರ್ ಲೈನ್ ಜೊತೆಗಿನ ಒಪ್ಪಂದಕ್ಕೆ ತಿದ್ದುಪಡಿ ತಂದು, ಖರ್ಚನ್ನು ಹಂಚಿಕೊಂಡು ಲೋಕೊಗಳನ್ನೆಲ್ಲ ಬದಲಿಸುವುದೆಂದು ನಿರ್ಧರಿಸಿದವು. ಆ ವರ್ಷದ ನವೆಂಬರ್‌ನಲ್ಲಿ ಅಂಗೀಕಾರವಾದ ಬಂದರುಗಳ ಶುದ್ಧ ಗಾಳಿ ಯೋಜನೆಯಲ್ಲಿ ರೈಲಿಗೆ ಸಂಬಂಧಿಸಿದ ಮೊದಲ ಕ್ರಮವೇ ಇದು.

ಹಳೆಯ ಲೋಕೊ ದಿನವಿಡೀ ಏನು ಮಾಡುತ್ತಿತ್ತು

ಅಮೆರಿಕದ ಯಾರ್ಡ್‌ಗಳಲ್ಲಿ, ಅಂದರೆ ಶಂಟಿಂಗ್ ನಡೆಯುವ ಹಳಿಗಳ ಅಂಗಳಗಳಲ್ಲಿ, ಆಗ ಎಲ್ಲೆಲ್ಲೂ ಕಾಣುತ್ತಿದ್ದುದು ಇಎಮ್‌ಡಿ ಕಂಪನಿಯ ಶಂಟರ್‌ಗಳು. 1954ರಿಂದ 1966ರವರೆಗೆ ತಯಾರಾದ 1200 ಕುದುರೆಶಕ್ತಿಯ ಎಸ್‌ಡಬ್ಲ್ಯು1200, 1966ರಿಂದ 1974ರವರೆಗಿನ 1500 ಕುದುರೆಶಕ್ತಿಯ ಎಸ್‌ಡಬ್ಲ್ಯು1500, ಆಮೇಲಿನ ಎಂಪಿ15. ಎಲ್ಲವೂ ಎರಡು ಸ್ಟ್ರೋಕಿನ, ಹನ್ನೆರಡು ಸಿಲಿಂಡರಿನ ಎಂಜಿನ್‌ಗಳು. ಎಸ್‌ಡಬ್ಲ್ಯು1500ರ 645 ಎಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ಕೆಲಸವಿಲ್ಲದೆ ಸುಮ್ಮನೆ ಓಡುವಾಗ, ನಿಮಿಷಕ್ಕೆ ಸುಮಾರು 315 ಸುತ್ತು, ಪೂರ್ಣ ಥ್ರಾಟಲ್‌ನಲ್ಲಿ 900 ಸುತ್ತು ತಿರುಗುತ್ತದೆ. ನಿಧಾನವಾದ, ಭಾರವಾದ, ಸುಲಭವಾಗಿ ಸಾಯದ ಯಂತ್ರ. ಐವತ್ತು ವರ್ಷ ದುಡಿದ ಶಂಟರ್ ಅಲ್ಲಿ ಅಪರೂಪವಲ್ಲ.

ಶಂಟಿಂಗ್ ಲೋಕೊಗಳ ಹೊಗೆ ಅಳೆಯಲು ಅಮೆರಿಕದ ಪರಿಸರ ಸಂಸ್ಥೆ ಒಂದು ಕೆಲಸದ ಪಟ್ಟಿಯನ್ನು ಬಳಸುತ್ತದೆ. ಅದರ ಪ್ರಕಾರ ಎಂಜಿನ್ ಓಡುವ ಹೊತ್ತಿನಲ್ಲಿ ಶೇ. 59.8 ಬರೀ ಐಡ್ಲಿಂಗ್. ನಾಚ್ ಎಂದರೆ ಥ್ರಾಟಲ್‌ನ ಎಂಟು ಮೆಟ್ಟಿಲುಗಳಲ್ಲಿ ಒಂದು; ಮೊದಲನೇ ನಾಚ್‌ನಲ್ಲಿ ಶೇ. 12.4, ಎರಡನೇದರಲ್ಲಿ ಶೇ. 12.3. ಏಳನೇ ನಾಚ್‌ಗೆ ಬರುವಷ್ಟರಲ್ಲಿ ಶೇ. 0.2, ಎಂಟನೇದು ಶೇ. 0.8. ಇದನ್ನು 24 ಗಂಟೆಗೆ ಹಂಚಿ ನೋಡಿ: 14 ಗಂಟೆ 21 ನಿಮಿಷ ಎಂಜಿನ್ ಸುಮ್ಮನೆ ಗುಡುಗುತ್ತ ನಿಂತಿರುತ್ತದೆ, ಪೂರ್ಣ ಶಕ್ತಿ ಬೇಕಾಗುವುದು ಹನ್ನೊಂದೂವರೆ ನಿಮಿಷ. ಐಡ್ಲಿಂಗ್‌ನಲ್ಲಿ ಗಂಟೆಗೆ 3ರಿಂದ 5 ಗ್ಯಾಲನ್ ಡೀಸೆಲ್ ಹೋಗುತ್ತದೆ. ನಾಲ್ಕು ಗ್ಯಾಲನ್ ಎಂದು ಹಿಡಿದರೂ ಒಂದು ಲೋಕೊ ಒಂದು ವ್ಯಾಗನ್ನನ್ನೂ ಅಲುಗಿಸದೆ ದಿನಕ್ಕೆ 57 ಗ್ಯಾಲನ್, ಅಂದರೆ ಸುಮಾರು 217 ಲೀಟರ್ ಸುಡುತ್ತದೆ.

ಈ ಪ್ರಕರಣದ ತಿರುಳೇ ಈ ಲೆಕ್ಕ. ಯಾರ್ಡಿನಲ್ಲಿ ಬದಲಿಸಬೇಕಾಗಿದ್ದುದು ಆ ಹದಿನಾಲ್ಕು ಗಂಟೆಯನ್ನು. ಕುದುರೆಶಕ್ತಿಯ ಮಾತು ಅದರ ನಂತರದ್ದು.

ಹಾಗಾದರೆ ಕೆಲಸವಿಲ್ಲದಾಗ ಎಂಜಿನ್ ಯಾಕೆ ಆಫ್ ಮಾಡುತ್ತಿರಲಿಲ್ಲ? ಸಿಬ್ಬಂದಿಯ ಸೋಮಾರಿತನ ಎಂದುಬಿಡುವುದು ಸುಲಭ, ಆದರೆ ತಪ್ಪು. ಇಎಮ್‌ಡಿ ಎಂಜಿನ್‌ನ ಕೂಲಿಂಗ್‌ಗೆ ನೀರು ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ಹಾಕುವುದಿಲ್ಲ, ಬರೀ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕ. ಸೀಲ್ ಸೋರಿ ಆಂಟಿಫ್ರೀಜ್ ಎಣ್ಣೆಗೆ ಸೇರಿದರೆ ಬೇರಿಂಗ್‌ಗಳು ಹಾಳಾಗುತ್ತವೆ. ಚಳಿಯ ಊರುಗಳಲ್ಲಿ ಎಂಜಿನ್ ನಿಲ್ಲಿಸಿದರೆ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಆ ಚಳಿ ಇಲ್ಲ, ನಿಜ. ಆದರೆ ನಿಲ್ಲಿಸಿದ ಎಂಜಿನ್ನನ್ನು ಮತ್ತೆ ಶುರು ಮಾಡುವುದು ಎಲ್ಲಿದ್ದರೂ ಕಷ್ಟದ ಕೆಲಸವೇ.

ಹೊತ್ತು ಕಳೆದು ಶುರು ಮಾಡುವಾಗ ಹನ್ನೆರಡು ಸಿಲಿಂಡರಿನ ಪಕ್ಕದ ಹನ್ನೆರಡು ಟೆಸ್ಟ್ ವಾಲ್ವ್‌ಗಳನ್ನು ಒಂದೊಂದಾಗಿ ತೆರೆಯಬೇಕು. ಎಂಜಿನ್ನನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಯಾವ ರಂಧ್ರದಿಂದಲಾದರೂ ನೀರು ಚಿಮ್ಮುತ್ತದೆಯೇ ಎಂದು ನೋಡಬೇಕು. ಲೈನರ್ ಸೀಲಿನಿಂದ ಜಿನುಗಿದ ನೀರು ಪಿಸ್ಟನ್ ಮೇಲೆ ನಿಂತಿದ್ದರೆ ಅದು ಕುಗ್ಗುವುದಿಲ್ಲ. ಕ್ರ್ಯಾಂಕ್ ಮಾಡಿದ ಕ್ಷಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿಲ್ಲವೆಂದು ಖಾತ್ರಿಯಾದ ಮೇಲೆ ವಾಲ್ವ್‌ಗಳನ್ನು ಮುಚ್ಚಿ, ಫ್ಯುಯೆಲ್ ಪ್ರೈಮ್ ಸ್ವಿಚ್ ಹಿಡಿದು, ವಾಪಸ್ ಬರುವ ಡೀಸೆಲ್ ಗಾಜಿನ ಬುರುಡೆಯಲ್ಲಿ ಗುಳ್ಳೆಯಿಲ್ಲದೆ ತುಂಬುವವರೆಗೆ ಕಾಯಬೇಕು. ಆಮೇಲೆ ಒಂದು ಕೈಯಲ್ಲಿ ಇಂಜೆಕ್ಟರ್ ಲಿವರನ್ನು ಮೂರನೇ ಒಂದು ಭಾಗ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟಾರ್ಟ್ ಒತ್ತಬೇಕು. 64 ವೋಲ್ಟ್ ಬ್ಯಾಟರಿ ಹಳೆಯದಾಗಿದ್ದರೆ ಅಲ್ಲಿಗೆ ಪಾಳಿ ಮುಗಿದಂತೆ. ಇಷ್ಟೆಲ್ಲ ಗೊತ್ತಿದ್ದ ಚಾಲಕ ಊಟಕ್ಕೆ ಹೋಗುವಾಗ ಎಂಜಿನ್ ಆಫ್ ಮಾಡುತ್ತಾನೆಯೇ?

ಇದರ ಮೇಲೆ ಬ್ರೇಕಿನ ಗಾಳಿಯ ನಿಯಮ ಬೇರೆ. ಆಗಿನ ಅಮೆರಿಕನ್ ನಿಯಮದಂತೆ, ಜೋಡಿಸಿಟ್ಟ ಗಾಡಿಗೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಗಾಳಿ ಸಿಗದಿದ್ದರೆ ಇಡೀ ಗಾಡಿಯ ಬ್ರೇಕ್ ಪರೀಕ್ಷೆ ಮತ್ತೆ ಆಗಬೇಕಿತ್ತು. 2020ರ ಕೊನೆಯಲ್ಲಷ್ಟೇ ಆ ಮಿತಿಯನ್ನು 24 ಗಂಟೆಗೆ ಏರಿಸಿದರು. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡಿಸಲು ಎಂಜಿನ್ ಓಡಲೇಬೇಕು.

ಹೀಗೆ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಂತ ಎರಡು ಸ್ಟ್ರೋಕ್ ಎಂಜಿನ್ ತಣ್ಣಗಾಗಿ, ಸುಡದ ಡೀಸೆಲ್ಲೂ ಲ್ಯೂಬ್ ಎಣ್ಣೆಯೂ ಎಗ್ಸಾಸ್ಟ್‌ನಲ್ಲಿ ಜಿಗುಟಾಗಿ ಕೂರುತ್ತವೆ. ಥ್ರಾಟಲ್ ಏರಿಸಿದಾಗ ಅದೇ ಜಿಗುಟು ಕಪ್ಪು ಹೊಗೆಯಾಗಿ, ಕೆಲವೊಮ್ಮೆ ಕಿಡಿಯಾಗಿ ಚಿಮಣಿಯಿಂದ ಹೊರಬೀಳುತ್ತದೆ. ಅಕ್ಕಪಕ್ಕದ ಮನೆಯವರ ಕಣ್ಣಿಗೆ ಬೀಳುತ್ತಿದ್ದುದು ಈ ಹೊಗೆ. ಕಣ್ಣಿಗೆ ಬೀಳದ ನೈಟ್ರೋಜನ್ ಆಕ್ಸೈಡ್ ದಿನವಿಡೀ ಹೊರಬರುತ್ತಲೇ ಇತ್ತು.

ಯಾವುದನ್ನು ಕೊಂಡರು

ನಮ್ಮ ವಾಹನಗಳಿಗೆ ಬಿಎಸ್-4, ಬಿಎಸ್-6 ಇರುವಂತೆ ಅಮೆರಿಕದ ಲೋಕೊಗಳಿಗೆ ಟಿಯರ್ ಎಂಬ ಮಟ್ಟಗಳಿವೆ. ಯಾವ ನಿಯಂತ್ರಣವೂ ಇಲ್ಲದ ಹಳೆಯ ಶಂಟರ್ ಪ್ರತಿ ಕುದುರೆಶಕ್ತಿ-ಗಂಟೆಗೆ 17.4 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡುತ್ತದೆ ಎಂಬುದು ಪರಿಸರ ಸಂಸ್ಥೆಯ ಅಂದಾಜು. ಟಿಯರ್-2 ಶಂಟರ್‌ಗೆ ಮಿತಿ 8.1 ಗ್ರಾಂ, ಟಿಯರ್-3ಕ್ಕೆ 5.0, ಟಿಯರ್-4ಕ್ಕೆ 1.3. 1973ಕ್ಕಿಂತ ಹಿಂದೆ ತಯಾರಾದ ಲೋಕೊಗಳನ್ನು ಮೊದಲ ನಿಯಮಾವಳಿ ಮುಟ್ಟಿರಲೇ ಇಲ್ಲ. ಅತ್ಯಂತ ಹಳೆಯವು ಕಾನೂನಿನ ಹೊರಗೇ ಉಳಿದು ಹೊಗೆ ಬಿಡುತ್ತಿದ್ದವು. ಬಂದರುಗಳು ದುಡ್ಡು ಹಾಕಿ ಬದಲಾಯಿಸಬೇಕಾಗಿ ಬಂದದ್ದು ಈ ಕಾರಣಕ್ಕೇ.

ಹಾರ್ಬರ್ ಲೈನ್‌ಗೆ ವಿಧಿಸಿದ ಶರತ್ತು ಸ್ಪಷ್ಟವಾಗಿತ್ತು. 2008ರೊಳಗೆ ಹಳೆಯವೆಲ್ಲ ಹೋಗಿ ಟಿಯರ್-2 ಎಂಜಿನ್‌ಗಳು ಬರಬೇಕು. 15 ನಿಮಿಷ ಮೀರಿ ಐಡ್ಲಿಂಗ್‌ನಲ್ಲಿ ನಿಂತರೆ ತಾನೇ ಎಂಜಿನ್ ನಿಲ್ಲಿಸುವ ಉಪಕರಣ ಇರಬೇಕು. ಆಮೇಲೆ ಕೊಳ್ಳುವ ಲೋಕೊ ನೈಟ್ರೋಜನ್ ಆಕ್ಸೈಡ್‌ನಲ್ಲಿ 3 ಗ್ರಾಂ, ಮಸಿಕಣದಲ್ಲಿ 0.0225 ಗ್ರಾಂ ಮಟ್ಟಕ್ಕೆ ಸಮನಾಗಿರಬೇಕು. ಈ ಮೂರರಲ್ಲಿ ಐಡ್ಲಿಂಗ್‌ನದೇ ಹೆಚ್ಚು ತೂಕದ ಶರತ್ತು, ಉಳಿದವು ಎಂಜಿನ್ ಓಡುತ್ತಿರುವಾಗಿನ ಮಾತು.

ಕೊನೆಗೆ ಬಂದದ್ದು ಎರಡು ಬಗೆಯ ಲೋಕೊ. ಮೋಟಿವ್‌ಪವರ್ ಕಂಪನಿಯ 2000 ಕುದುರೆಶಕ್ತಿಯ, ಒಂದೇ ಎಂಜಿನ್ನಿನ 16 ಲೋಕೊಗಳು, ಮತ್ತು ನ್ಯಾಷನಲ್ ರೈಲ್ವೆ ಇಕ್ವಿಪ್‌ಮೆಂಟ್ ಕಂಪನಿಯ ಆರು ಜೆನ್‌ಸೆಟ್‌ಗಳು, ಅಂದರೆ ಒಂದು ದೊಡ್ಡ ಎಂಜಿನ್ನಿನ ಬದಲು ಮೂರು ಚಿಕ್ಕ ಎಂಜಿನ್ ಇರುವ ಲೋಕೊಗಳು. ಈ ಬಗೆಯ ಲೋಕೊಗಳಲ್ಲಿ ಎಲ್ಲವೂ ಹೊಸದಾಗಿರುವುದಿಲ್ಲ. ಹಳೆಯ ಲೋಕೊದ ಉಕ್ಕಿನ ಚಾಸಿ, ರೈಲ್ವೆಯವರು ಬೋಗಿ ಎನ್ನುವ ಚಕ್ರಗಳ ಚೌಕಟ್ಟು, ಚಕ್ರ ತಿರುಗಿಸುವ ಡಿ.ಸಿ. ಟ್ರಾಕ್ಷನ್ ಮೋಟಾರ್‌ಗಳನ್ನು ರಿಪೇರಿ ಮಾಡಿ ಉಳಿಸಿಕೊಂಡು, ಅದರ ಮೇಲೆ ಹೊಸ ಎಂಜಿನ್, ಆಲ್ಟರ್ನೇಟರ್, ಕಂಪ್ಯೂಟರ್ ಕೂರಿಸುವುದೇ ವಾಡಿಕೆ. ಯಾರ್ಡಿಗೆ ಭಾರವೇ ಆಸ್ತಿ, ಆದ್ದರಿಂದ ಹಳೆಯ ಚಾಸಿಯನ್ನು ಗುಜರಿಗೆ ಹಾಕುವುದು ದಡ್ಡತನ.

ಭಾರ ಯಾಕೆ ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ. ನಾಲ್ಕು ಅಚ್ಚಿನ ಲೋಕೊ ಸುಮಾರು 113 ಟನ್ ತೂಗುತ್ತದೆ ಎನ್ನಿ. ಹಳಿಯ ಹಿಡಿತ ಶೇ. 20 ಸಿಕ್ಕರೆ ಎಳೆಯುವ ಬಲ 222 ಕಿಲೊನ್ಯೂಟನ್. ಚಕ್ರ ಜಾರುವುದನ್ನು ಕಂಪ್ಯೂಟರ್ ಪ್ರತಿ ಕ್ಷಣ ನೋಡಿಕೊಂಡು ಶೇ. 30ಕ್ಕೆ ಏರಿಸಿದರೆ 333 ಕಿಲೊನ್ಯೂಟನ್. ಗಂಟೆಗೆ 8 ಕಿಲೊಮೀಟರ್ ವೇಗದಲ್ಲಿ ಅಷ್ಟು ಬಲಕ್ಕೆ ಚಕ್ರದ ಬಳಿ ಬೇಕಾಗುವುದು ಸುಮಾರು 1000 ಕುದುರೆಶಕ್ತಿ ಮಾತ್ರ. ಅಂದರೆ ಯಾರ್ಡಿನ ವೇಗದಲ್ಲಿ ದೊಡ್ಡ ಎಂಜಿನ್ ಹಾಕಿ ಸಿಗುವ ಲಾಭಕ್ಕಿಂತ ಚಕ್ರ ಜಾರದಂತೆ ನೋಡಿಕೊಂಡು ಸಿಗುವ ಲಾಭ ಹೆಚ್ಚು. ಎರಡು ಹಳೆಯ ಶಂಟರ್ ಸೇರಿ ತಳ್ಳುತ್ತಿದ್ದ ಸಾಲನ್ನು ಕೆಲವು ಕಡೆ ಒಂದೇ ಹೊಸ ಲೋಕೊ ತಳ್ಳಲು ಸಾಧ್ಯವಾಗುವುದು ಹೀಗೆ.

ಮೂರು ಎಂಜಿನ್ನಿನ ಲೋಕೊ

ಜೆನ್‌ಸೆಟ್‌ನ ಕಲ್ಪನೆ ನಿಜಕ್ಕೂ ಚೆನ್ನಾಗಿದೆ. ಒಂದು ದೊಡ್ಡ ಎಂಜಿನ್ನಿನ ಬದಲು ಕಮ್ಮಿನ್ಸ್ ಕಂಪನಿಯ 19 ಲೀಟರಿನ, ಆರು ಸಿಲಿಂಡರಿನ ಕ್ಯೂಎಸ್‌ಕೆ19 ಎಂಜಿನ್ ಮೂರು. ತಲಾ 700 ಕುದುರೆಶಕ್ತಿ, ಒಟ್ಟು 2100. ಪ್ರತಿಯೊಂದಕ್ಕೂ ತನ್ನದೇ ಆಲ್ಟರ್ನೇಟರ್, ತನ್ನದೇ ಕೂಲಿಂಗ್. ಇಡೀ ಜೋಡಣೆ ಒಂದು ಉಕ್ಕಿನ ತಟ್ಟೆಯ ಮೇಲೆ. ಕೆಟ್ಟರೆ ಕ್ರೇನಿನಿಂದ ಎತ್ತಿ ಇನ್ನೊಂದನ್ನು ಕೂರಿಸಬಹುದು. ಕಮ್ಮಿ ಕೆಲಸಕ್ಕೆ ಒಂದು ಎಂಜಿನ್, ಭಾರ ಹೆಚ್ಚಾದಾಗ ಎರಡನೆಯದು, ಅಪರೂಪಕ್ಕೆ ಮೂರನೆಯದು. ಒಂದೇ ಎಂಜಿನ್ ಸವೆಯದಂತೆ ಯಾವುದು ಮೊದಲು ಓಡಬೇಕೆಂಬ ಸರದಿಯನ್ನು ಕಂಪ್ಯೂಟರ್ ಬದಲಿಸುತ್ತಿರುತ್ತದೆ. ಕೂಲಿಂಗ್‌ಗೆ ಲಾರಿಯಂತೆ ಆಂಟಿಫ್ರೀಜ್ ಹಾಕಬಹುದು, ಹಾಗಾಗಿ ನಿಲ್ಲಿಸಲು ಹೆದರಬೇಕಿಲ್ಲ. ಟೆಸ್ಟ್ ವಾಲ್ವ್ ಇಲ್ಲ, ಲಿವರ್ ಇಲ್ಲ; ಸ್ಟಾರ್ಟ್ ಮಾಡುವುದೂ ಕಂಪ್ಯೂಟರೇ.

2007ರಲ್ಲಿ ಯೂನಿಯನ್ ಪೆಸಿಫಿಕ್ ಇದೇ ಮಾದರಿಯ 60 ಲೋಕೊಗಳನ್ನು ಲಾಸ್ ಏಂಜಲೀಸ್ ಸುತ್ತಲಿನ ತನ್ನ ಯಾರ್ಡ್‌ಗಳಿಗೆ ತರಿಸಿತು. ಹೀಗೆ ಒಂದೇ ಊರಿನಲ್ಲಿ, ಒಂದೇ ಮಾದರಿಯ ಲೋಕೊ, ಎರಡು ಬಗೆಯ ಕೆಲಸಕ್ಕೆ ಇಳಿಯಿತು. ಅದರ ಗುಣ ದೋಷ ಕಾಣುವುದು ಈ ಎರಡನ್ನು ಪಕ್ಕಪಕ್ಕ ಇಟ್ಟಾಗಲೇ.

ಬಂದರಿನ ಕೆಲಸ ನಿಧಾನದ್ದು. ಕಂಟೇನರ್‌ಗಳನ್ನು ಒಂದರ ಮೇಲೊಂದು ಇಡುವ, ಐದು ತೊಟ್ಟಿ ಸೇರಿದ ಒಂದು ಡಬಲ್ ಸ್ಟ್ಯಾಕ್ ವ್ಯಾಗನ್ನೇ ಸುಮಾರು 80 ಮೀಟರ್ ಉದ್ದ. ಅಂಥವುಗಳ ಉದ್ದನೆಯ ಸಾಲನ್ನು ಟರ್ಮಿನಲ್ ಒಳಕ್ಕೆ ನಡಿಗೆಯ ವೇಗದಲ್ಲಿ ತಳ್ಳುವಾಗ ಥ್ರಾಟಲ್ ನಿಧಾನವಾಗಿ ಏರುತ್ತದೆ, ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ಎರಡನೇ ಎಂಜಿನ್ ಎಚ್ಚರಗೊಳ್ಳಲು ಕೆಲವು ಸೆಕೆಂಡ್ ತಡವಾದರೂ ಯಾರಿಗೂ ಗೊತ್ತಾಗುವುದಿಲ್ಲ.

ವ್ಯಾಗನ್‌ಗಳನ್ನು ವಿಂಗಡಿಸುವ ಸಮತಟ್ಟಿನ ಯಾರ್ಡಿನ ಕಥೆ ಬೇರೆ. ಅಲ್ಲಿ ನಡೆಯುವುದು ನಾವು ಲೂಸ್ ಶಂಟಿಂಗ್ ಎನ್ನುವ ಕೆಲಸ. ಲೋಕೊ ಸಾಲನ್ನು ಜೋರಾಗಿ ತಳ್ಳಬೇಕು, ಕೆಳಗಿರುವವನು ಓಡುತ್ತ ವ್ಯಾಗನ್‌ಗಳ ನಡುವಿನ ಕೊಂಡಿಯಾದ ಕಪ್ಲರ್ ಬಿಡಿಸಬೇಕು, ಲೋಕೊ ಥಟ್ಟನೆ ನಿಲ್ಲಬೇಕು, ಬಿಡಿಸಿದ ವ್ಯಾಗನ್ ತಾನೇ ಉರುಳಿ ತನ್ನ ಹಳಿಗೆ ಹೋಗಬೇಕು. ಹತ್ತು ಹನ್ನೆರಡು ಸೆಕೆಂಡಿನ ಆಟ. ಚಾಲಕ ಥ್ರಾಟಲ್ ಎಳೆದಾಗ ಹಳೆಯ 645 ಗುಡುಗಿ ಮುಂದಕ್ಕೆ ನುಗ್ಗುತ್ತಿತ್ತು. ಜೆನ್‌ಸೆಟ್‌ನಲ್ಲಿ ಎರಡನೇ ಎಂಜಿನ್ ಸ್ಟಾರ್ಟ್ ಆಗಿ, ವೇಗ ಹಿಡಿದು, ವಿದ್ಯುತ್ ಕೊಡಲು ಶುರು ಮಾಡುವ ಹೊತ್ತಿಗೆ ವ್ಯಾಗನ್ ಬಿಡಿಸುವ ಕ್ಷಣ ದಾಟಿರುತ್ತದೆ. ವೇಗ ಸಾಲದ ವ್ಯಾಗನ್ ಅರ್ಧ ದಾರಿಯಲ್ಲಿ ನಿಂತರೆ ಮತ್ತೆ ಹೋಗಿ ಹಿಡಿದು ತರಬೇಕು.

ಇಂಥ ಕಡೆ ಚಾಲಕರು ದಾರಿ ಹುಡುಕಿಕೊಳ್ಳುತ್ತಾರೆ. ಬ್ರೇಕ್ ಹಿಡಿದಿಟ್ಟು ಮೊದಲೇ ಥ್ರಾಟಲ್ ಏರಿಸಿದರೆ ಮೂರೂ ಎಂಜಿನ್ ಎದ್ದು ಕೂರುತ್ತವೆ. ಪದೇ ಪದೇ ಹೀಗೆ ಮಾಡಿದರೆ ಮಲಗುವುದೇ ಇಲ್ಲ. ಉಳಿಸಬೇಕಾಗಿದ್ದ ಡೀಸೆಲ್ ಅಲ್ಲೇ ಸೋರಿಹೋಗುತ್ತದೆ. ಇದಕ್ಕೆ ಚಾಲಕನನ್ನು ಬೈದು ಫಲವಿಲ್ಲ. ಎರಡನೇ ಎಂಜಿನ್ನನ್ನು ಇಂತಿಷ್ಟು ನಿಮಿಷ ಓಡುತ್ತಲೇ ಇಡುವಂತೆ ಸಾಫ್ಟ್‌ವೇರ್‌ನಲ್ಲಿ ಹೊತ್ತು ಹೊಂದಿಸುವುದು ಸರಿಯಾದ ಮದ್ದು. ಆ ಹೊತ್ತು ಪ್ರತಿ ಯಾರ್ಡಿಗೂ ಬೇರೆ.

ರಿಪೇರಿಯ ಶೆಡ್ಡಿನಲ್ಲಿ ಸಿಗುವ ದೋಷಗಳಿಗೂ ಇದೇ ಮೂಲ. ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ಆಗುವ ಎಂಜಿನ್‌ಗೆ ಸ್ಟಾರ್ಟರ್ ಮೋಟಾರ್, ಸೊಲೆನಾಯ್ಡ್, ಫ್ಲೈವೀಲಿನ ಹಲ್ಲುಪಟ್ಟಿ, ಬ್ಯಾಟರಿ ಇವೇ ಮೊದಲು ಸವೆಯುತ್ತವೆ. ವ್ಯಾಗನ್‌ಗೆ ಲೋಕೊ ತಾಗಿದ ಪ್ರತಿ ಪೆಟ್ಟೂ ಎಂಜಿನ್ ತಟ್ಟೆಯ ರಬ್ಬರ್ ಮೌಂಟು, ರೇಡಿಯೇಟರ್ ಹೋಸು, ಸೆನ್ಸರ್ ಕನೆಕ್ಟರುಗಳಿಗೆ ಬೀಳುತ್ತದೆ. ಒಂದು ಕನೆಕ್ಟರ್ ಸಡಿಲವಾದರೆ ಸಾಕು, ಏನೂ ಆಗದ ಎಂಜಿನ್ನನ್ನು ಕಂಪ್ಯೂಟರ್ ಕೆಟ್ಟಿದೆ ಎಂದು ಬದಿಗಿಡುತ್ತದೆ. ಇಕ್ಕಟ್ಟಿನ ಹುಡ್‌ನೊಳಗೆ ಮೂರು ಕೂಲಿಂಗ್ ವ್ಯವಸ್ಥೆ. ಧೂಳು ಕಟ್ಟಿದ ರೇಡಿಯೇಟರಿನ ಬಿಸಿಗಾಳಿಯನ್ನು ಪಕ್ಕದ ಎಂಜಿನ್ ಎಳೆದುಕೊಂಡರೆ ಬೇಸಿಗೆಯಲ್ಲಿ ಒಂದರ ಹಿಂದೆ ಒಂದು ಬಿಸಿಯೇರಿ ನಿಲ್ಲುತ್ತವೆ. ಬಂದರಿನ ಉಪ್ಪುಗಾಳಿ ವೈರಿಂಗ್‌ಗೆ ಶತ್ರು.

ಇದಕ್ಕಿಂತ ದೊಡ್ಡ ಬದಲಾವಣೆ ಕೆಲಸಗಾರರ ಕೈಯದ್ದು. 645ರ ಪಿಸ್ಟನ್, ಲೈನರ್, ಹೆಡ್ಡನ್ನು ಒಂದೇ ಕಟ್ಟಾಗಿ ಎತ್ತಿ ಒಂದು ಪಾಳಿಯಲ್ಲಿ ಬದಲಿಸುವ ಮೆಕ್ಯಾನಿಕ್ ಅಮೆರಿಕದ ಯಾವ ಶೆಡ್ಡಿನಲ್ಲೂ ಸಿಗುತ್ತಾನೆ. ಜೆನ್‌ಸೆಟ್‌ನ, ನಿಮಿಷಕ್ಕೆ 1800 ಸುತ್ತಿನ ಎಂಜಿನ್‌ಗೆ ಕೆಲವು ನೂರು ಗಂಟೆಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಬೇಕು, ಅದೂ ಮೂರರಷ್ಟು. ದೋಷ ಹುಡುಕಲು ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಪರವಾನಗಿ ಬೇಕು. ಕಾನೂನಿನ 92 ದಿನಗಳ ತಪಾಸಣೆಯೊಂದನ್ನೇ ನಂಬಿ ಶೆಡ್ಡಿನ ವೇಳಾಪಟ್ಟಿ ಹಾಕಿದರೆ ಜೆನ್‌ಸೆಟ್ ಬದುಕುವುದಿಲ್ಲ. ಅದಕ್ಕೆ ಲೋಕೊದ ಗಂಟೆ ಸಾಲದು, ಪ್ರತಿ ಎಂಜಿನ್ನಿನ ಗಂಟೆಯನ್ನು ಬೇರೆ ಬೇರೆ ಬರೆದಿಡಬೇಕು. ಎಣ್ಣೆ ಬದಲಿಸದೆ ಲ್ಯಾಬಿಗೆ ಕಳಿಸಿ, ಕಮ್ಮಿಯಾದಷ್ಟು ತುಂಬಿಕೊಂಡು ಹೋಗುತ್ತಿದ್ದ ಶೆಡ್ಡಿಗೆ ಇದು ಹೊಸ ಪಾಠ.

ಇದೇ ಕ್ಯೂಎಸ್‌ಕೆ19 ಎಂಜಿನ್ ಮೂರನ್ನು ತಲಾ 800 ಕುದುರೆಶಕ್ತಿಗೆ ಹೊಂದಿಸಿ ನಮ್ಮ ರೈಲ್ವೆಯ ಪಟಿಯಾಲಾ ಕಾರ್ಖಾನೆಯೂ ಡಬ್ಲ್ಯುಡಿಎಂ-2ಜಿ ಎಂಬ 2400 ಕುದುರೆಶಕ್ತಿಯ ಲೋಕೊ ಮಾಡಿತು. ಅದು ದೊಡ್ಡ ಸರಣಿಯಾಗಿ ಬೆಳೆಯಲಿಲ್ಲ.

ಆಮೇಲೆ

ಜೆನ್‌ಸೆಟ್‌ಗೂ ಮುಂಚೆ ಬ್ಯಾಟರಿಯ ಒಂದು ಪ್ರಯತ್ನ ನಡೆದಿತ್ತು. ಕೆನಡಾದ ರೈಲ್‌ಪವರ್ ಕಂಪನಿಯ ಗ್ರೀನ್ ಗೋಟ್, ಸುಮಾರು 290 ಕುದುರೆಶಕ್ತಿಯ ಚಿಕ್ಕ ಎಂಜಿನ್ ಮತ್ತು ದೊಡ್ಡ ಸೀಸ-ಆಮ್ಲ ಬ್ಯಾಟರಿ ಸೇರಿ 2000 ಕುದುರೆಶಕ್ತಿ ಕೊಡುವ ಲೋಕೊ. ಐಡ್ಲಿಂಗ್‌ಗೆ ಅದಕ್ಕಿಂತ ಒಳ್ಳೆಯ ಉತ್ತರ ಆಗ ಇರಲಿಲ್ಲ. ಕೆಲವಕ್ಕೆ ಬ್ಯಾಟರಿಯಿಂದ ಬೆಂಕಿ ಹತ್ತಿ, 2007ರಲ್ಲಿ ಅವನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. 2009ರಲ್ಲಿ ಕಂಪನಿಯೇ ದಿವಾಳಿಯ ರಕ್ಷಣೆ ಕೋರಿತು.

ಅತ್ತ ಇಎಮ್‌ಡಿ ಮೂರನೇ ದಾರಿ ಹಿಡಿಯಿತು: ಹಳೆಯ ಚಾಸಿಗೆ ಎಂಟು ಸಿಲಿಂಡರಿನ ಒಂದೇ 710 ಎಂಜಿನ್, ಸುಮಾರು 2000 ಕುದುರೆಶಕ್ತಿ, ಜೊತೆಗೆ ತಾನೇ ನಿಂತು ತಾನೇ ಶುರುವಾಗುವ ಉಪಕರಣ. ಶೆಡ್ಡಿಗೆ ಪರಿಚಿತ ಯಂತ್ರ, ಥ್ರಾಟಲ್‌ಗೆ ತಕ್ಷಣದ ಉತ್ತರ. ವಿಂಗಡಿಸುವ ಯಾರ್ಡಿಗೆ ಇದೇ ಹೆಚ್ಚು ಹೊಂದುತ್ತದೆ. ನಿಧಾನ ತಳ್ಳುವ ಬಂದರಿಗೆ ಜೆನ್‌ಸೆಟ್ ಸಾಕು. ಹಾರ್ಬರ್ ಲೈನ್ ಮುಂದೆ ಇನ್ನೊಂದು ತಿದ್ದುಪಡಿಯ ಮೂಲಕ ತನ್ನ ಒಂಟಿ ಎಂಜಿನ್ ಲೋಕೊಗಳನ್ನು ಟಿಯರ್-3 ಪ್ಲಸ್ ಎಂದು ಕರೆಯುವ ಮಟ್ಟಕ್ಕೆ ಏರಿಸಿತು. ಜೆನ್‌ಸೆಟ್‌ಗಳೂ ಕೆಲಸದಲ್ಲಿ ಉಳಿದವು.

ನಿಲ್ಲಿಸಿ ಶುರು ಮಾಡುವ ಆ ಉಪಕರಣ ಕೈಕೊಡುವುದು ಹೆಚ್ಚಾಗಿ ಅದರ ಶರತ್ತುಗಳಿಂದ. ನೀರಿನ ಉಷ್ಣತೆ, ಗಾಳಿ ಟ್ಯಾಂಕಿನ ಒತ್ತಡ, ಬ್ಯಾಟರಿ ವೋಲ್ಟೇಜ್, ಬ್ರೇಕ್ ಸಿಲಿಂಡರ್ ಒತ್ತಡ, ಮುಂದೆ-ಹಿಂದೆ ದಿಕ್ಕು ಆರಿಸುವ ರಿವರ್ಸರ್ ಹಿಡಿಯ ಸ್ಥಾನ ಇವೆಲ್ಲ ಸರಿಯಿದ್ದರೆ ಮಾತ್ರ ಅದು ಎಂಜಿನ್ ನಿಲ್ಲಿಸುತ್ತದೆ. ಚಾಲಕ ಇಳಿಯುವಾಗ ರಿವರ್ಸರನ್ನು ಮಧ್ಯಕ್ಕೆ ತರದಿದ್ದರೆ ಎಂಜಿನ್ ಓಡುತ್ತಲೇ ಇರುತ್ತದೆ. ಗಾಳಿಯ ಪೈಪು ಸೋರುತ್ತಿದ್ದರೆ ನಿಂತ ಐದೇ ನಿಮಿಷಕ್ಕೆ ಒತ್ತಡ ಇಳಿದು ಮತ್ತೆ ಶುರುವಾಗುತ್ತದೆ. ಉಪಕರಣ ಕೆಟ್ಟಿದೆ ಎಂದು ಬರೆಯುವ ಮೊದಲು ಸೋಪಿನ ನೀರು ಹಿಡಿದು ಪೈಪಿನ ಜೋಡಣೆಗಳನ್ನು ನೋಡಬೇಕು.

ಬೇರೊಂದು ಯಾರ್ಡ್ ಇದೇ ದಾರಿಯಲ್ಲಿ ಹೊರಟರೆ ಮೊದಲು ಆಗಬೇಕಾದದ್ದು ಎರಡು ವಾರಗಳ ಅಳತೆ. ಅಮೆರಿಕದಲ್ಲಿ ವೇಗ, ಥ್ರಾಟಲ್ ಇತ್ಯಾದಿ ದಾಖಲಿಸುವ ಈವೆಂಟ್ ರೆಕಾರ್ಡರ್ ಕಡ್ಡಾಯವಿರುವುದು ಗಂಟೆಗೆ 30 ಮೈಲಿ ಮೀರುವ ಗಾಡಿಗಳಿಗೆ. ಹಳೆಯ ಶಂಟರ್‌ನಲ್ಲಿ ಅದು ಇಲ್ಲದಿರಬಹುದು, ಆಗ ಥ್ರಾಟಲ್ ವೈರುಗಳಿಗೆ ಡೇಟಾ ಲಾಗರ್ ಕಟ್ಟಬೇಕು. ಯಾವ ನಾಚ್‌ನಲ್ಲಿ ಎಷ್ಟು ಹೊತ್ತು ಎಂಬುದರ ಜೊತೆಗೆ, ಪ್ರತಿ ಐಡ್ಲಿಂಗ್ ಎಷ್ಟು ಉದ್ದ, ಎರಡನೇ ನಾಚ್‌ನಿಂದ ಆರಕ್ಕೆ ಎಷ್ಟು ಸೆಕೆಂಡಿನಲ್ಲಿ ಏರುತ್ತದೆ, ದಿನಕ್ಕೆ ಎಷ್ಟು ಸಲ ಎಂಬುದನ್ನೂ ಬರೆಯಬೇಕು. ಮೂರು ಎಂಜಿನ್ನೋ ಒಂದೋ ಎಂಬುದು ಆ ಕೊನೆಯ ಎರಡು ಅಂಕಿಗಳಲ್ಲಿದೆ.

2020ರಲ್ಲಿ ಪ್ರೋಗ್ರೆಸ್ ರೈಲ್ ಕಂಪನಿಯು 2.4 ಮೆಗಾವಾಟ್-ಗಂಟೆಯ ಬ್ಯಾಟರಿ ಲೋಕೊವನ್ನು ಹಾರ್ಬರ್ ಲೈನ್‌ನಲ್ಲಿ ಪರೀಕ್ಷಿಸುವುದಾಗಿ ಘೋಷಿಸಿತು. ಬ್ಯಾಟರಿಗೆ ಐಡ್ಲಿಂಗ್‌ನಲ್ಲಿ ಉರಿಯುವುದೇನೂ ಇಲ್ಲ. ಆದರೆ ಚಾರ್ಜ್ ಮಾಡಲು ಲೋಕೊ ಕೇಬಲ್ ಇರುವ ಜಾಗದಲ್ಲಿ ಒಂದೇ ಸಮನೆ ನಿಲ್ಲಬೇಕು. ದಿನದ ಆ 14 ಗಂಟೆ 21 ನಿಮಿಷ ಒಂದೇ ಕಡೆ ಸಿಗುವ ಹೊತ್ತಲ್ಲ; ಸಿಗ್ನಲ್‌ಗೆ ಕಾಯುವ ಹತ್ತು ನಿಮಿಷ, ಟರ್ಮಿನಲ್ ಗೇಟಿನಲ್ಲಿ ಇಪ್ಪತ್ತು, ಪಾಳಿ ಬದಲಾಗುವಾಗ ನಲವತ್ತು, ಹೀಗೆ ಯಾರ್ಡಿನ ಉದ್ದಗಲಕ್ಕೂ ಚೂರುಚೂರಾಗಿ ಹರಡಿಕೊಂಡಿರುತ್ತದೆ. ಆ ಚೂರುಗಳಲ್ಲಿ ಎಷ್ಟನ್ನು ಒಂದು ಚಾರ್ಜಿಂಗ್ ಕಂಬದ ಬಳಿಗೆ ಒಟ್ಟು ಮಾಡಲು ಸಾಧ್ಯ ಎಂಬುದನ್ನು ಅದೇ ಲಾಗರಿನ ಅಂಕಿಗಳಿಂದ ತೆಗೆಯಬೇಕು.